ಮಾಳಮಡ್ಡಿ ಓಣ್ಯಾಗ ಒಂಬತ್ತು ಬೆಕ್ಕು, ಗೇಟಿಗೆ ಹಾಯೋ ಒಂದು ನಾಯಿ: ಯಾವ ಕೆಲಸ ಮೊದಲು?

ಹಂಚಿನಮನಿ_ಮಾಳಮಡ್ಡಿ

ಧಾರವಾಡದ ಈ ಓಣಿ ಹದಿನಾಲ್ಕು ಮನಿದು, ಅದರಾಗ ಆರು ಹಂಚಿನ ಮನಿ. ಬೆಕ್ಕು ಎಣಿಸಿದ್ರ ಒಂಬತ್ತು: ಬಾವುಗ ಎರಡು, ಹೆಣ್ಣು ನಾಕು ಖಾತ್ರಿ, ಉಳಿದ ಮೂರು ಹತ್ರ ಬಿಟ್ಟುಕೊಳ್ಳೂದಿಲ್ಲ. ಒಂದು ಹೆಣ್ಣಿನ ಹೊಟ್ಟಿ ಜೋತುಬಿದ್ದದ. ಮೂಲಿಮನ್ಯಾಗ ಮುಧೋಳ ಮಿಶ್ರತಳಿ ನಾಯಿ, ಮೂರು ವರ್ಷದ್ದು. ಗ್ವಾಡಿ ಮ್ಯಾಲೆ ಬೆಕ್ಕು ಕಂಡ್ರ ಗೇಟಿಗೆ ಹಾಯತದ. ಹೊರಗ ಕರಕೊಂಡು ಹೋದ್ರ ಬೀದಿನಾಯಿ, ಸ್ಕೂಟರು, ಹಾಲಿನವರ ಸೈಕಲ್ಲು, ಯಾವುದನ್ನೂ ಬಿಡೂದಿಲ್ಲ.

ಓಣ್ಯಾಗ ಎರಡು ಮಾತು ನಡದಾವ. ಬೆಕ್ಕುಗಳನ್ನ ಚೀಲಕ್ಕ ಹಾಕಿ ಕೆಲಗೇರಿ ಕೆರಿ ಕಡೆ ಬಿಟ್ಟುಬರೂದು ಒಂದು. ಗೇಟಿನ ಮುಂದ ಫಿನೈಲು ಸುರುವಿ ನೀಲಿ ನೀರಿನ ಬಾಟಲಿ ಕಟ್ಟೂದು ಇನ್ನೊಂದು. ಎರಡೂ ಬ್ಯಾಡ ಅನ್ನೋ ಮನಿ ಐದಾರು ಅದಾವ. ತಿಳದವರು ವಿವರ ಬರೀರಿ. ಅಳತಿ, ದಿನದ ಲೆಕ್ಕ ಇದ್ರ ಚಲೋ.

ಗದಗ_ಪಶುವೈದ್ಯ

ಮೊದಲು ಆ ಎರಡು ಮಾತಿನ ಬಗ್ಗೆ.

ಬೇರೆ ಕಡೆ ಬಿಟ್ಟ ಬೆಕ್ಕು ಅಲ್ಲಿ ನೆಲೆ ನಿಲ್ಲುವುದು ಅಪರೂಪ. ಹಳೆಯ ಜಾಗ ಹುಡುಕುತ್ತ ಹೊರಡುತ್ತದೆ; ದಾರಿಯಲ್ಲಿ ಗಾಡಿಗೆ ಸಿಗುತ್ತದೆ, ಇಲ್ಲವೇ ಅಲ್ಲಿಯ ನಾಯಿಗಳಿಗೆ. ಇತ್ತ ನಿಮ್ಮ ಓಣಿಯಲ್ಲಿ ಇಲಿ, ಮುಸುರೆ, ಅಟ್ಟ ಎಲ್ಲ ಇದ್ದಲ್ಲೇ ಇರುತ್ತವೆ. ಖಾಲಿಯಾದ ಜಾಗಕ್ಕೆ ಪಕ್ಕದ ಓಣಿಯ ಬೆಕ್ಕು ಬಂದು ಈಯುತ್ತದೆ. ಫಿನೈಲು ಬೆಕ್ಕಿಗೆ ವಿಷ. ಬೆಕ್ಕಿನ ಯಕೃತ್ತಿಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದೇ ಸಾಕು. ಇದೇ ಕಾರಣಕ್ಕೆ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬಾರದು. ನಾಯಿಯ ಮೈಯ ಉಣ್ಣೆಹುಳಕ್ಕೆ ಹಾಕುವ ಪರ್ಮೆಥ್ರಿನ್ ಹನಿಯನ್ನಂತೂ ಹತ್ತಿರಕ್ಕೂ ತರಬಾರದು. ನೀಲಿ ಬಾಟಲಿಯಿಂದ ಕೆಡುಕಿಲ್ಲ, ಉಪಯೋಗವೂ ಇಲ್ಲ. ನಾಯಿಯ ಕಣ್ಣಿಗೆ ಚೆನ್ನಾಗಿ ಕಾಣುವ ಎರಡು ಬಣ್ಣಗಳಲ್ಲಿ ನೀಲಿಯೂ ಒಂದು, ಕಂಡರೆ ಹೆದರಬೇಕೆಂದೇನಿಲ್ಲವಲ್ಲ.

ಈಗ ಲೆಕ್ಕ. ಹೆಣ್ಣು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ 63ರಿಂದ 65 ದಿನ. ಮರಿ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬ ಆಗಬಲ್ಲದು. ನಾಲ್ಕರಲ್ಲಿ ಮೂರಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿ ಒಂದನ್ನು ಬಿಟ್ಟರೂ ವರ್ಷ ಕಳೆಯುವುದರೊಳಗೆ ಈಯುವ ಹೆಣ್ಣುಗಳ ಎಣಿಕೆ ಮತ್ತೆ ಮೊದಲಿನಷ್ಟಾಗಬಹುದು. ವಾರಕ್ಕೊಂದರಂತೆ ಎಳೆಯಬೇಡಿ. ಒಂಬತ್ತನ್ನೂ ಹತ್ತು ಹನ್ನೆರಡು ದಿನದಲ್ಲಿ ಮುಗಿಸುವಂತೆ ವೈದ್ಯರ ಹತ್ತಿರ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಬೋನು ತಂದಮೇಲೆ ವೈದ್ಯರನ್ನು ಹುಡುಕುವುದು ಎಲ್ಲರೂ ಮಾಡುವ ತಪ್ಪು.

ಜೋತುಬಿದ್ದ ಹೊಟ್ಟೆಯ ಹೆಣ್ಣನ್ನು ದೂರದಿಂದಲೇ ನೋಡಿ. ಮೊಲೆಗಳ ಸುತ್ತ ಕೂದಲು ಉದುರಿ ಗುಲಾಬಿ ಬಣ್ಣ ಕಂಡರೆ, ಮೊಲೆ ಜೊಲ್ಲಿನಿಂದ ಒದ್ದೆಯಾಗಿ ಅಂಟಿಕೊಂಡಿದ್ದರೆ ಅದು ಈದ ಬೆಕ್ಕು, ಮರಿ ಎಲ್ಲೋ ಅಟ್ಟದಲ್ಲಿವೆ. ಹೊಟ್ಟೆ ಎರಡೂ ಬದಿಗೆ ಉಬ್ಬಿದ್ದರೆ ಗಬ್ಬ. ಎರಡಕ್ಕೂ ದಾರಿ ಬೇರೆ ಬೇರೆ.

ಕೇಶ್ವಾಪುರ_ಬೋನು

ಡಾಕ್ಟ್ರು ಹೇಳಿದ್ದು ಖರೆ, ಆದ್ರ ಬೋನು ಇಡೂಕಿಂತ ಎರಡು ವಾರ ಮೊದಲ ಕೆಲಸ ಸುರು ಆಗಬೇಕ್ರಿ. ಊಟದ ಹೊತ್ತು ಕಟ್ಟೂದು ಆ ಕೆಲಸ.

ಇಡೀ ಓಣಿಗೆ ಒಂದ ಜಾಗ, ಒಂದ ಹೊತ್ತು. ಸಂಜಿ ಏಳು ಅಂದ್ರ ಏಳು. ದೊಡ್ಡ ಬೆಕ್ಕಿಗೆ ದಿನಕ್ಕ 50 ಗ್ರಾಂ ಒಣ ಆಹಾರ ಸಾಕು, ಒಂಬತ್ತಕ್ಕ ಅರ್ಧ ಕಿಲೋಕ್ಕೂ ಕಡಿಮಿ. ಬಟ್ಟಲು ಅಷ್ಟೂ ಬ್ಯಾರೆ ಬ್ಯಾರೆ, ನಡುವ ಒಂದೊಂದು ಮಾರು ಅಂತರ. ಇಲ್ಲಂದ್ರ ಬಾವುಗ ಉಳದವನ್ನ ಹೊಡದು ಓಡಸತದ, ನಿಮ್ಮ ಎಣಿಕಿ ತಪ್ಪತದ. ಅರ್ಧ ತಾಸಿಗೆ ಬಟ್ಟಲು ಎತ್ತಿಬಿಡ್ರಿ. ರಾತ್ರಿ ಬಿಟ್ರ ಇರಬಿ, ಹೆಗ್ಗಣ, ಬೀದಿನಾಯಿ ಮೂರೂ ಬರ್ತಾವು, ಮುಂಜಾನೆ ಓಣಿಯವ್ರ ತಕರಾರೂ ಬರತದ.

ಹಾಲು ಅನ್ನ ಹಾಕಬ್ಯಾಡ್ರಿ. ದೊಡ್ಡ ಬೆಕ್ಕಿಗೆ ಹಾಲು ಅರಗೂದಿಲ್ಲ, ಬೇಧಿ ಹತ್ತಿ ಕಂಡ ಕಂಡಲ್ಲೆ ಮಾಡತಾವು. ಅನ್ನ ರೊಟ್ಟಿ ಮ್ಯಾಲೆ ನಾಯಿ ಬದುಕತದ, ಬೆಕ್ಕು ಬದುಕೂದಿಲ್ಲ. ಅದಕ್ಕ ಟಾರಿನ್ ಅನ್ನೂ ಪೋಷಕಾಂಶ ಬೇಕು, ಅದು ಮಾಂಸದಾಗ ಅಷ್ಟ ಇರೂದು. ಟಾರಿನ್ ಸಿಗದಿದ್ರ ಕಣ್ಣು ಹೋಗತಾವು, ಹೃದಯ ಸೋಲತದ. ಮಾಂಸ ಮುಟ್ಟದ ಮನಿಯವ್ರಿಗೆ ಅಂಗಡ್ಯಾಗಿನ ಒಣ ಕಾಳು ಚಲೋ, ಮುಟ್ಟಿದ್ದೂ ಆಗೂದಿಲ್ಲ, ಬೆಕ್ಕಿಗೂ ಸಾಲತದ.

ಎರಡನೇ ವಾರ ಬೋನನ್ನ ಅದ ಜಾಗದಾಗ ಇಡ್ರಿ, ಬಾಗಿಲು ಎತ್ತಿ ತಂತಿಯಿಂದ ಕಟ್ಟಿ. ಬಟ್ಟಲು ಮೊದಲ ದಿನ ಬಾಗಿಲ ಹೊರಗ, ಎರಡನೇ ದಿನ ಹೊಸ್ತಿಲ ಮ್ಯಾಲೆ, ದಿನಾ ಒಂದು ಗೇಣು ಒಳಗ. ಕಡೀಕ ಹಿಂದಿನ ಗ್ವಾಡಿಗೆ ಹಚ್ಚಿ. ಆರು ದಿನಕ್ಕ ಎಲ್ಲಾವೂ ಒಳಗ ಹೋಗಿ ಉಣತಾವು.

ಹಿಡಿಯೂ ಹಿಂದಿನ ಸಂಜಿಯಿಂದ ಊಟ ಬಂದ್, ನೀರು ಇರಲಿ. ಓಣ್ಯಾಗ ಯಾರೂ ಏನೂ ಹಾಕಬಾರದು, ಹದಿನಾಲ್ಕೂ ಮನಿಗೆ ಹೇಳ್ರಿ. ಒಬ್ಬರು ಮರುಗಿ ಮೀನಿನ ತಲಿ ಒಗದ್ರ ಅವತ್ತಿನ ದಿನ ಹೋತು. ಬೋನಿನ ತಳಕ್ಕ ಪೇಪರ್ ಮಡಚಿ ಹಾಸ್ರಿ, ಜಾಳಗಿ ಕಾಲಿಗೆ ಚುಚ್ಚಿದ್ರ ಬೆಕ್ಕು ಹಿಂದ ಸರೀತದ. ಪೇಪರ್, ಬೆಕ್ಕು ತುಳದ್ರ ಬಾಗಿಲು ಬೀಳಿಸೂ ಹಲಗಿ ಕೆಳಗ ಸಿಕ್ಕಿ ಹಾಕ್ಕೋಬಾರದು, ಸಿಕ್ಕರ ಬಾಗಿಲು ಬೀಳೂದಿಲ್ಲ. ಮೊದಲನೇ ಸಲ ಬೋನು ಇಟ್ಟವ್ರು ಎಡವೂದು ಹೆಚ್ಚಾಗಿ ಇಲ್ಲೆ.

ಬೆಕ್ಕಿಗೆ ಆಶಾ ತೋರಸಾಕ ಸುಟ್ಟ ಒಣಮೀನು ಒಂದು ಚಮಚ, ಅಷ್ಟ. ಹಲಗಿ ದಾಟಿ ಹಿಂದಿನ ತುದಿಗೆ ಇಡ್ರಿ. ಬಾಗಿಲಿಗೆ ಹತ್ರ ಇಟ್ರ ಬಾಲದ ಮ್ಯಾಲೆ ಬಾಗಿಲು ಬೀಳತದ. ಹೊಟ್ಟಿ ತುಂಬುವಷ್ಟು ಇಟ್ರ ಮುಂಜಾನೆ ಅರವಳಿಕಿ ಕೊಟ್ಟಾಗ ವಾಂತಿ ಶ್ವಾಸಕೋಶಕ್ಕ ಹೋಗೂ ಅಪಾಯ.

ಬಾಗಿಲು ಬಿದ್ದ ಕೂಡಲೆ ಬೆಕ್ಕು ಜಾಳಗಿಗೆ ಮೂತಿ ಹೊಡೀತದ. ಓಡಬ್ಯಾಡ್ರಿ, ನಡಕೋತ ಹೋಗಿ ದಪ್ಪನ ಚಾದರ ಮುಚ್ಚಿಬಿಡ್ರಿ. ಕತ್ತಲಾದ್ರ ಅರ್ಧ ನಿಮಿಷದಾಗ ಸುಮ್ಮನಾಗತದ. ಎಷ್ಟ ಪಾಪ ಅನಿಸಿದ್ರೂ ಬೆರಳು ಒಳಗ ಹಾಕಬ್ಯಾಡ್ರಿ.

ಬೋನು ಇಟ್ಟು ಮಕ್ಕೊಳ್ಳಾಕ ಹೋಗೂದು ಆಗೂದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ದೂರದಿಂದ ನೋಡಬೇಕು. ಏಪ್ರಿಲ್ ಮೇದಾಗ ಹಗಲ ಹೊತ್ತು ಇಡಲೇಬ್ಯಾಡ್ರಿ. ಕಬ್ಬಿಣ ಕಾದು, ಒಳಗ ಬೆಕ್ಕು ತಾಸೊಪ್ಪತ್ತಿನಾಗ ಸಾಯಬಹುದು.

ಗ್ರಿಲ್_ಕೆಲಸ_ಗೋಕುಲರೋಡ್

ಬೋನು ಮಾಡಸೂದಾದ್ರ ಅಳತಿ ಬರ್ಕೋರಿ. ಉದ್ದ 30 ಇಂಚು, ಅಗಲ 10, ಎತ್ತರ 12. ಇದಕ್ಕಿಂತ ಸಣ್ಣದಾದ್ರ ಬಾವುಗನ ಬಾಲ ಹೊರಗ ಉಳೀತೈತಿ. ದೊಡ್ಡದಾದ್ರ ಒಳಗ ತಿರುಗಿ ಹಾರಾಡಿ ಗಾಯ ಮಾಡ್ಕೋತೈತಿ. ಚೌಕಟ್ಟು 6 ಎಂಎಂ ಸಳಿ, ಸುತ್ತ ವೆಲ್ಡ್ ಮೆಶ್ 14 ಗೇಜು, ಕಣ್ಣು ಅರ್ಧ ಇಂಚಿಗೆ ಒಂದು ಇಂಚು. ಎರಡು ಇಂಚಿನ ಕೋಳಿ ಜಾಳಗಿ ಹಾಕಿದ್ರ ಮರಿ ತಲಿ ತೂರಿಸಿ ಸಿಕ್ಕಿ ಬೀಳತೈತಿ, ಅದನ್ನ ಬ್ಯಾಡಂತ ಅಂಗಡ್ಯಾಗ ಬಿಚ್ಚಿ ಹೇಳ್ರಿ.

ಬಾಗಿಲು ಮ್ಯಾಲಿಂದ ಜಾರಿ ಬೀಳೂದು ಚಲೋ, ಸ್ಪ್ರಿಂಗ್ ಬಾಗಿಲು ಜೋರಾಗಿ ಬಡೀತೈತಿ. ಜಾರೂ ಬಾಗಿಲಿಗೆ ಎರಡೂ ಬದಿಗೆ ಯು ಚಾನಲ್, ನಡುವ 2 ಎಂಎಂ ಸಡಿಲು ಇರಲಿ. ಬಿಗಿ ಮಾಡಿದ್ರ ಮಳಿಗಾಲದಾಗ ತುಕ್ಕು ಹಿಡದು ಅರ್ಧಕ್ಕ ನಿಲ್ಲತೈತಿ. ಬಿದ್ದಮ್ಯಾಲೆ ಕೆಳಗ ಒಂದು ಚಿಲಕ ತಾನಾಗೇ ಬೀಳಬೇಕು, ಬೆಕ್ಕು ಮೂಗಿನಿಂದ ಬಾಗಿಲು ಎತ್ತತೈತಿ. ಹಿಂದಿನ ತುದಿಗೂ ಒಂದು ಎತ್ತೂ ಬಾಗಿಲು ಮಾಡಸ್ರಿ. ಬೆಕ್ಕನ್ನ ಇನ್ನೊಂದು ಪಂಜರಕ್ಕ ದಾಟಸಾಕ ಅದು ಬೇಕಾಕ್ಕೈತಿ.

ತುಳಿಯೂ ಹಲಗಿ 8 ಇಂಚು ಉದ್ದ, ಅಗಲ ಪೂರ್ತಿ, ಇಲ್ಲಂದ್ರ ಬೆಕ್ಕು ಬದಿಯಿಂದ ಕಾಲು ಹಾಕಿ ಮೀನು ತಿಂದು ಹೊಳ್ಳಿ ಬರತೈತಿ. ತೂಕದ ಪರೀಕ್ಷಾ ಸರಳ ಐತಿ: ಅರ್ಧ ಕಿಲೋ ಸಕ್ರಿ ಪಾಕೀಟು ಹಲಗಿ ಮ್ಯಾಲೆ ಇಡ್ರಿ, ಬಾಗಿಲು ಬೀಳಬೇಕು. ಬೀಳಲಿಲ್ಲಂದ್ರ ಬಾಗಿಲು ಎತ್ತಿ ಹಿಡಿಯೂ ಕೊಕ್ಕಿ ಅರದು ಸಣ್ಣ ಮಾಡಸ್ರಿ. ವೆಲ್ಡಿಂಗ್ ಮುಳ್ಳು ಗ್ರೈಂಡರ್ ಹಿಡದು ತಗಸ್ರಿ, ಕಣ್ಣಿಗೆ ತಾಗೂದು ಅದ. ಬಣ್ಣದ ವಾಸನಿ ಹೋಗಾಕ ನಾಕು ದಿನ ಬಿಸಲಾಗ ಇಡ್ರಿ.

ಕೇಶ್ವಾಪುರ_ಬೋನು

ಅಣ್ಣಾರ, ಚಿಲಕದ ಮಾತು ಬಂಗಾರದಂಥಾದ್ದು. ಒಂದು ಸೇರಸತೇನಿ. ಬೇಕಾದ ಬೆಕ್ಕನ್ನ ಅಷ್ಟ ಹಿಡಿಯೂದಿದ್ರ, ಇಲ್ಲಾ ಬೋನು ಕಂಡ್ರ ಹಲಗಿ ದಾಟಿ ಜಿಗಿಯೂ ಶಾಣ್ಯಾ ಬೆಕ್ಕಿದ್ರ, ಕೊಕ್ಕಿ ಬಿಚ್ಚಿ ಬಾಗಿಲ ಕೆಳಗ ಅರ್ಧ ಲೀಟರಿನ ನೀರು ತುಂಬಿದ ಬಾಟಲಿ ಆಸರಾ ಇಡ್ರಿ. ಬಾಟಲಿ ಕುತ್ತಿಗಿಗೆ ಹಗ್ಗ ಕಟ್ಟಿ 20 ಅಡಿ ದೂರ ಕೂಡ್ರಿ. ನಾಕೂ ಕಾಲು ಒಳಗ ಹೋಗಿ ತಲಿ ಬಗ್ಗಿಸಿದಾಗ ಜಗ್ಗಬೇಕು. ಖಾಲಿ ಬಾಟಲಿ ಗಾಳಿಗೆ ಬೀಳತದ, ತುಂಬಿದ್ದ ಇರಲಿ.

ಗದಗ_ಪಶುವೈದ್ಯ

ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಇಟ್ಟುಕೊಳ್ಳುವವರಿಗೆ.

ಕೀಟಮಿನ್ ಎಂಬ ಅರವಳಿಕೆ ಕೊಟ್ಟ ಬೆಕ್ಕು ಕಣ್ಣು ತೆರೆದೇ ಬಿದ್ದಿರುತ್ತದೆ. ಎಚ್ಚರ ಆಗಿದೆ ಎಂದು ನೀರು ಕುಡಿಸಲು ಹೋಗಬೇಡಿ, ನೀರು ಶ್ವಾಸನಾಳಕ್ಕೆ ಹೋಗುತ್ತದೆ. ಬೋನನ್ನು ಸಮತಟ್ಟು ನೆಲದಲ್ಲಿ, ಅರೆಗತ್ತಲಲ್ಲಿ ಇಡಿ. ಮೈ ಬೇಗ ತಣ್ಣಗಾಗುತ್ತದೆ, ಧಾರವಾಡದ ಮಳೆಗಾಲದ ರಾತ್ರಿಯಲ್ಲಂತೂ ಹೌದೇ ಹೌದು. ಕೆಳಗೆ ಫರಸಿ ಇದ್ದರೆ ತಟ್ಟು ಹಾಸಿ. ಸ್ಥಿರವಾಗಿ ಎದ್ದು ಕೂತ ಮೇಲೆ ಎರಡು ಚಮಚ ಆಹಾರ ಕೊಟ್ಟರೆ ಸಾಕು.

ಗಂಡನ್ನು 24 ತಾಸು, ಹೆಣ್ಣನ್ನು 48 ತಾಸು ಇಟ್ಟುಕೊಂಡು ಹಿಡಿದಲ್ಲೇ ಬಿಡಬೇಕು. ಹಾಲೂಡುವ ತಾಯಿಗೆ ಪಕ್ಕೆಯ ಕಡೆಯಿಂದ ಕೊಯ್ದು ಮಾಡುವಂತೆ ಮೊದಲೇ ಕೇಳಿ. ಹೊಲಿಗೆ ಮರಿಗಳ ಬಾಯಿಂದ ದೂರ ಉಳಿಯುತ್ತದೆ, ದೂರದಿಂದಲೇ ಗಾಯವನ್ನೂ ನೋಡಬಹುದು. ಅದು ಪೂರ್ತಿ ಎಚ್ಚರಾಗಿ ನೆಟ್ಟಗೆ ನಡೆದರೆ ಮರುದಿನವೇ ಬಿಡಿ, ಮರಿ ಉಪವಾಸ ಬೀಳಬಾರದು. ಕರಗುವ ದಾರವನ್ನೇ ಬಳಸಬೇಕು. ಹೊಲಿಗೆ ಬಿಚ್ಚಲು ಆ ಬೆಕ್ಕು ಮತ್ತೆ ಕೈಗೆ ಸಿಗುವುದಿಲ್ಲ. ಒಸಡು ಬಿಳಿಚಿಕೊಂಡರೆ, ಗಾಯದಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಐದಾರು ತಾಸಾದರೂ ತಲೆ ಎತ್ತದಿದ್ದರೆ ಕಾಯದೆ ಕರೆತನ್ನಿ.

ಅದೇ ಅರವಳಿಕೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಎಡಗಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರ್ ನೆಟ್ಟಗೆ ಕತ್ತರಿಸಲು ಹೇಳಿ. ಕ್ರೂರ ಎನ್ನುವವರು ಇದ್ದಾರೆ. ಗುರುತು ಇಲ್ಲದಿದ್ದರೆ ಮುಂದಿನ ವರ್ಷ ಯಾರೋ ಅದೇ ಬೆಕ್ಕನ್ನು ಹಿಡಿದು ಮತ್ತೊಮ್ಮೆ ಹೊಟ್ಟೆ ಕೊಯ್ಯಿಸುತ್ತಾರೆ. ಅದಕ್ಕಿಂತ ಇದು ವಾಸಿ. ಶಸ್ತ್ರಚಿಕಿತ್ಸೆ ಆದ ಬಾವುಗ ಕೆಲವು ವಾರ ಹಳೆಯ ಚಾಳಿಯಲ್ಲೇ ಇರುತ್ತದೆ, ಅಷ್ಟು ದಿನ ಗಬ್ಬ ಮಾಡಲೂಬಲ್ಲದು. 'ಮಾಡಿಸಿದ್ದು ವ್ಯರ್ಥ' ಎಂದು ಓಣಿಯವರು ಗೊಣಗಿದರೆ ಇದನ್ನು ತಿಳಿಸಿ.

ಬೋನನ್ನು ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ತೊಳೆಯಬೇಕು. ಬೆಕ್ಕಿನ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಮಾರಕ ರೋಗದ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ, ಡೆಟಾಲಿಗೆ ಸಾಯುವುದಿಲ್ಲ. ಮೊದಲು ಸೋಪಿನಿಂದ ಉಜ್ಜಿ. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಟ್ಟು, ತೊಳೆದು ಒಣಗಿಸಿ. ಬೆಕ್ಕಿನ ಮೂತ್ರ ಇದ್ದಲ್ಲಿ ನೇರವಾಗಿ ಬ್ಲೀಚ್ ಸುರಿಯಬೇಡಿ, ಕೆಟ್ಟ ಅನಿಲ ಏಳುತ್ತದೆ.

ನವನಗರ_ನೇರಮಾತು

ಎಲ್ಲಾ ಸರಿ. ಆದ್ರ ಊಟ ಹಾಕೂದರಿಂದನ ಬೆಕ್ಕು ಹೆಚ್ಚಾಗೂದು ಅಲ್ಲೇನ್ರಿ? ಹಾಕೂದು ನಿಲ್ಲಸಿದ್ರ ತಾವ ಹೋಗತಾವು.

ಕೇಶ್ವಾಪುರ_ಬೋನು

ಅರ್ಧ ಖರೆ ಐತ್ರಿ. ಬರೇ ಊಟ ಹಾಕಿ ಆಪರೇಶನ್ ಮಾಡಸದ ಇದ್ರ ಹೆಚ್ಚಾಗತಾವು, ಅದು ಉಪಕಾರ ಅಲ್ಲ. ನಿಲ್ಲಸಿದ್ರ ಹೋಗತಾವು ಅನ್ನೂದು ಸುಳ್ಳು. ಕಸದ ಡಬ್ಬಿಗೆ, ಅಡಗಿಮನಿ ಕಿಡಕಿಗೆ ಬರ್ತಾವು, ಮುಖ್ಯವಾಗಿ ಕಣ್ಣಿಗೆ ಬೀಳೂದು ಬಿಡತಾವು. ಆಮ್ಯಾಲೆ ಹಿಡಿಯೂದು ಹ್ಯಾಂಗ? ಹೊತ್ತಿಗೆ ಕಟ್ಟಿದ ಊಟ ಅಂದ್ರ ಹಾಜರಿ ಪುಸ್ತಕ ಇದ್ದಂಗ. ಹೊಸಾ ಬೆಕ್ಕು ಬಂದ್ರ ಅವತ್ತ ಗೊತ್ತಾಗತದ, ಕಿವಿ ನೋಡಿದ್ರ ಮುಗೀತು.

ನವನಗರ_ನೇರಮಾತು

ಹಾಜರಿ ಮಾತು ಒಪ್ಪಿದೆ. ಆದ್ರ ತ್ವಾಟದಾಗ ಹೊಲಸು ಮಾಡೂದಕ್ಕ ಏನು? ಮೆಂತೆ ಪಲ್ಲೆ ಮಡಿ ಪೂರಾ ಕೆದರತಾವು.

ಸಾಧನಕೇರಿ_ಹಿತ್ತಲು

ಬೆಕ್ಕಿಗೆ ಬೇಕಾದ್ದು ಒಣಗಿದ ಸಡಿಲ ಮಣ್ಣು. ಅದನ್ನ ಒಂದು ಕಡೆ ಕೊಡಬೇಕು, ಉಳದ ಕಡೆ ಇಲ್ಲದಂಗ ಮಾಡಬೇಕು. ಮಡಿ ಮ್ಯಾಲೆ ಒಂದು ಇಂಚು ಕಣ್ಣಿನ ಜಾಳಗಿ ಹಾಸಿ, ಮ್ಯಾಲೆ ಅರ್ಧ ಇಂಚು ಮಣ್ಣು ಎಳೀರಿ. ಪಲ್ಲೆ ಕಣ್ಣಾಗಿಂದ ಮ್ಯಾಲೆ ಬರತದ, ಬೆಕ್ಕಿಗೆ ಕೆದರಾಕ ಆಗೂದಿಲ್ಲ. ಜಾಳಗಿ ಇಲ್ಲಂದ್ರ ತೊಗರಿ ಕಟ್ಟಿಗಿ ಗೇಣಿಗೊಂದರಂತ ಚುಚ್ರಿ. ನಿಂಬಿ ಸಿಪ್ಪಿ, ಕಾಫಿ ಗಸಿ ಎರಡು ದಿನದ ಮಾತು. ಖಾರಪುಡಿ ಮಾತ್ರ ಬ್ಯಾಡ, ಪಾದಕ್ಕ ಹತ್ತಿ ಕಣ್ಣಿಗೆ ಹೋಗತದ.

ಮನಿ ಕಟ್ಟಾಕ ತಂದ ಉಸುಕಿನ ಗುಡ್ಡಿ ಓಣ್ಯಾಗ ಎಲ್ಲೆರೆ ಅದ ಏನು? ಅದ ಓಣಿಯ ಬೆಕ್ಕಿನ ಸಂಡಾಸು. ತಾಡಪತ್ರಿ ಮುಚ್ಚಿ ಅಂಚಿಗೆ ಇಟ್ಟಿಗಿ ಹೇರ್ರಿ. ಬದಲಿಗೆ ಹಿತ್ತಲ ಮೂಲ್ಯಾಗ ಎರಡು ಅಡಿ ಚೌಕ, ಅರ್ಧ ಅಡಿ ಆಳ ಒಣ ಉಸುಕು ಹಾಕಿ, ಮ್ಯಾಲೆ ಪತ್ರಾಸು ಹೊದಸ್ರಿ, ಮಳಿಗೆ ತೊಯ್ದ್ರ ಬೆಕ್ಕು ಮುಟ್ಟೂದಿಲ್ಲ. ಒಂಬತ್ತು ಬೆಕ್ಕಿಗೆ ಇಂಥಾವು ಮೂರಾದ್ರೂ ಬೇಕು. ದಿನಾ ತಗೀಬೇಕು. ಟಾಕ್ಸೊಪ್ಲಾಸ್ಮಾ ಅನ್ನೂ ರೋಗಾಣು ಹೊಲಸಿನಾಗ ಬಿದ್ದ ಕೂಡಲೆ ಹತ್ತೂದಿಲ್ಲ, ಅದಕ್ಕ ಒಂದರಿಂದ ಐದು ದಿನ ಬೇಕು. ದಿನಾ ತಗದ್ರ ಆ ಭಯ ಕಡಿಮಿ. ಬಸರಿದ್ದಾಕಿ ಆ ಕೆಲಸಕ್ಕ ಹೋಗಬಾರದು, ಮಣ್ಣು ಮುಟ್ಟಿದ್ರ ಕೈಗವಸು.

ಗ್ವಾಡಿ ಹತ್ತಬಾರದು ಅಂದ್ರ ಗಾಜಿನ ಚೂರು ಹುಗಿಯೂದು ಬಿಟ್ಟು ಉರುಳು ಪೈಪು ಹಾಕ್ರಿ. ಒಂದು ಇಂಚಿನ ಪಿವಿಸಿ ಪೈಪಿನ ಮ್ಯಾಲೆ ಮೂರು ಇಂಚಿನದು ಏರಿಸಿ, ನಾಕು ಅಡಿ ತುಂಡು ತುಂಡು ಮಾಡಿ, ಒಳಗ 4 ಎಂಎಂ ಜಿಐ ತಂತಿ ಹಾಯಿಸಿ ಎಲ್ ಕ್ಲ್ಯಾಂಪಿಗೆ ಬಿಗೀರಿ. ಬೆಕ್ಕು ಮುಂಗಾಲು ಊರಿದ್ರ ಪೈಪು ಉರುಳತದ, ಕೆಳಗ ಇಳೀತದ. ಕೆಡೂದು ಎರಡು ಕಡೆ. ತಂತಿ ಜೋತು ಬಿದ್ರ ಪೈಪು ತಿರಗೂದಿಲ್ಲ, ಅದಕ್ಕ ತಂತಿ ಬಿಗಿ ಮಾಡೂ ಟರ್ನ್‌ಬಕಲ್ ಹಾಕ್ರಿ. ಗ್ವಾಡಿ ಹತ್ರ ಸ್ಕೂಟರ್, ನೀರಿನ ಡ್ರಮ್ಮು ನಿಲ್ಲಿಸಿದ್ರ ಅದ ಮೆಟ್ಟಲು ಆಗತದ, ನೀವು ಹಾಕಿದ ಪೈಪು ಸುಮ್ಮನ ಶೃಂಗಾರ.

ಉಣಕಲ್_ಶ್ವಾನಪಾಠ

ನಾಯಿಯ ಕಡೆಗೆ ಬರೋಣ. ಬೆಕ್ಕಿನ ಕೆಲಸ ಮುಗಿಯುವವರೆಗೆ ನಾಯಿಯ ಕೆಲಸ ಕಾಯಬೇಕಿಲ್ಲ. ಎರಡೂ ಒಂದೇ ದಿನ ಶುರುವಾಗಲಿ. ನಾಯಿ ಗೇಟಿಗೆ ಹಾಯ್ದಾಗಲೆಲ್ಲ ಬೆಕ್ಕು ಓಡುತ್ತದೆ, ಅಂದರೆ ನಾಯಿಗೆ 'ನಾ ಬೊಗಳಿದೆ, ಅದು ಹೋಯಿತು' ಎಂಬ ಗೆಲುವು. ದಿನಕ್ಕೆ ಹತ್ತು ಸಲ ಗೆಲ್ಲುವ ಆಟವನ್ನು ಯಾವ ತರಬೇತಿಯೂ ಬಿಡಿಸಲಾರದು.

ಆದ್ದರಿಂದ ಮೊದಲ ಎರಡು ವಾರ ಪಾಠ ಬೇಡ, ನೋಟ ಮುಚ್ಚಿ. ಗೇಟಿನ ಸಳಿಗೆ ಕೆಳಗಿನಿಂದ ಐದು ಅಡಿ ಎತ್ತರ 90 ಶೇಕಡಾದ ಹಸಿರು ಶೇಡ್ ನೆಟ್ಟು ಎರಡು ಪದರ ಕಟ್ಟಿ, ಗೇಣಿಗೊಂದು ಕೇಬಲ್ ಟೈ. ಅಂಚನ್ನು ಹಗ್ಗದ ಮೇಲೆ ಮಡಚಿ ಹೊಲಿಯದಿದ್ದರೆ ಮುಂಗಾರು ಗಾಳಿಗೆ ಒಂದೇ ವಾರದಲ್ಲಿ ಹರಿಯುತ್ತದೆ. ಗೇಟಿನ ಕೆಳಗಿನ ಸಂದಿಗೆ ಪತ್ರಾಸಿನ ಪಟ್ಟಿ. ಬೆಕ್ಕಿನ ಊಟದ ಹೊತ್ತಿಗೆ, ಅಂದರೆ ಸಂಜೆ ಏಳಕ್ಕೆ, ನಾಯಿ ಮನೆಯ ಒಳಗೆ ಇರಲಿ. ಬೆಕ್ಕಿನ ಹೊತ್ತು ಕಟ್ಟಿದ್ದರಿಂದ ನಾಯಿಗೂ ಲಾಭ ಆಗುವುದು ಹೀಗೆ.

ಮೂರನೇ ವಾರದಿಂದ ಪಾಠ. ಬೆಕ್ಕು ಕಂಡರೂ ನಾಯಿ ತಿನ್ನಬಲ್ಲ ದೂರ ಯಾವುದು ಎಂದು ಹೆಜ್ಜೆಯಲ್ಲಿ ಅಳೆಯಿರಿ. ಕಿವಿ ಮುಂದಕ್ಕೆ ಬಂತು, ಬಾಯಿ ಮುಚ್ಚಿತು, ಮೈ ಸೆಟೆಯಿತು, ಕೊಟ್ಟ ತುಣುಕನ್ನು ಉಗುಳಿತು: ದೂರ ಸಾಲದು. ಹತ್ತು ಹೆಜ್ಜೆ ಹಿಂದೆ ಹೋಗಿ. ಬೆಕ್ಕನ್ನು ನೋಡಿದ ಒಂದು ಸೆಕೆಂಡಿನೊಳಗೆ ಕಡಲೆಕಾಳಿನಷ್ಟು ತುಣುಕು ಬಾಯಿಗೆ. ಬೆಕ್ಕು ಕಾಣುವಷ್ಟು ಹೊತ್ತು ಕೊಡುತ್ತ ಇರಿ, ಮರೆಯಾದ ಕೂಡಲೇ ನಿಲ್ಲಿಸಿ. ಕ್ರಮ ತಿರುವುಮುರುವಾದರೆ, ಅಂದರೆ ಮೊದಲು ತುಣುಕು ತೋರಿಸಿ ಆಮೇಲೆ ಬೆಕ್ಕು ಕಂಡರೆ, ನಾಯಿ ತುಣುಕನ್ನೇ ಅನುಮಾನದಿಂದ ನೋಡುವುದನ್ನು ಕಲಿಯುತ್ತದೆ. ಒಂದು ಸರದಿಗೆ ಹನ್ನೆರಡು ತುಣುಕು, ಐದು ನಿಮಿಷ, ಮುಗಿಯಿತು. ಹತ್ತು ಸಲದಲ್ಲಿ ಎಂಟು ಸಲ ಬೆಕ್ಕನ್ನು ನೋಡಿ ತಾನಾಗಿ ನಿಮ್ಮತ್ತ ತಿರುಗಿದರೆ ಮಾತ್ರ ಎರಡು ಹೆಜ್ಜೆ ಹತ್ತಿರ. ಬೊಗಳಿದರೆ ಬೈಯಬೇಡಿ, ಜಗ್ಗಬೇಡಿ, ದೂರ ಹೆಚ್ಚಿಸಿ. ಬೋನಿನಲ್ಲಿ ಹಿಡಿದ ಬೆಕ್ಕನ್ನು ಮುಂದಿಟ್ಟು ನಾಯಿಗೆ ಪಾಠ ಮಾಡುವವರಿದ್ದಾರೆ. ಅದು ಬೆಕ್ಕಿಗೆ ಹಿಂಸೆ, ನಾಯಿಗೂ ಕೆಟ್ಟ ಪಾಠ.

ತುಣುಕಿಗೆ ಬೇಯಿಸಿದ ಕೋಳಿ. ಬೇಡವಾದರೆ ಪನೀರು, ಬೇಯಿಸಿದ ಗೆಣಸು. ಧಾರವಾಡ ಪೇಢೆ ಬೇಡ, ನಾಯಿ ನಿಮಗಿಂತ ಮೊದಲು ಒಪ್ಪುತ್ತದೆ ನಿಜ, ಆದರೆ ಸಕ್ಕರೆ ಮತ್ತು ಜಿಡ್ಡು. ದ್ರಾಕ್ಷಿ, ಒಣದ್ರಾಕ್ಷಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ವಿಷ.

ಕಚ್ಚದಂತೆ ಮೂತಿಗೆ ಹಾಕುವ ಬಾಯಿಬುಟ್ಟಿ ಎಂದರೆ ಮುಖ ಸಿಂಡರಿಸಬೇಡಿ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವ ಬುಟ್ಟಿಯೇ ಬೇಕು, ಬಿಗಿಯುವ ಬಟ್ಟೆಯದಲ್ಲ. ಎರಡು ವಾರದ ರೂಢಿ: ಮೊದಲು ಬುಟ್ಟಿಯೊಳಗೆ ಉಪ್ಪು ಸಕ್ಕರೆ ಇಲ್ಲದ ಅರೆದ ಶೇಂಗಾ ಸವರಿ ನೆಕ್ಕಿಸಿ, ಆಮೇಲೆ ಐದು ಸೆಕೆಂಡು ಮೂತಿ ಒಳಗೆ, ಆಮೇಲೆ ಪಟ್ಟಿ. ಶೇಂಗಾ ಎಂದೆ, ಶೇಂಗಾ ಹಿಂಡಿ ಅಲ್ಲ, ಅದರಲ್ಲಿ ಬಳ್ಳೊಳ್ಳಿ ಖಾರ ಎರಡೂ ಇವೆ.

ಹಾವೇರಿ_ಮುಧೋಳಪ್ರೇಮಿ

ಸರ, ಎಲ್ಲಾ ಒಪ್ಪತೇನಿ, ಆದ್ರ ಮುಧೋಳಕ್ಕ ಒಂದು ತಿದ್ದುಪಡಿ ಬೇಕು. ಅದು ಕಣ್ಣಿಲೆ ಬೇಟಿ ಆಡೂ ನಾಯಿ, ಓಡೂ ಸಣ್ಣ ಪ್ರಾಣಿ ಕಂಡ್ರ ಬೆನ್ನು ಹತ್ತೂದು ರಕ್ತದಾಗ ಐತಿ. ಹೆದರಿ ಬೊಗಳೂ ನಾಯಿ ಬ್ಯಾರೆ, ಬೇಟಿಗೆ ನಿಂತ ನಾಯಿ ಬ್ಯಾರೆ. ಹೆದರಿದ್ದು ಗದ್ದಲ ಹಾಕತೈತಿ, ಮೈ ಹಿಂದ ಮುಂದ ಆಗತೈತಿ. ಬೇಟಿದು ಸದ್ದಿಲ್ಲದ ನೆಟ್ಟ ನೋಟ ಇಟ್ಟು, ತಲಿ ತಗ್ಗಿಸಿ, ಒಂದು ಕಾಲು ಎತ್ತಿ ನಿಲ್ಲತೈತಿ. ಮೊದಲನೇದನ್ನ ಪಾಠ ಬದಲಸತೈತಿ. ಎರಡನೇದನ್ನ ಪಾಠ ಕಡಿಮಿ ಮಾಡಬಹುದು, ತಗೀಲಿಕ್ಕೆ ಆಗೂದಿಲ್ಲ. ಬೆಕ್ಕಿರೂ ಓಣ್ಯಾಗ ಮುಧೋಳವನ್ನ ಯಾವತ್ತೂ ಬಿಚ್ಚಿ ಬಿಡಬ್ಯಾಡ್ರಿ, ಎಷ್ಟ ಶಾಣ್ಯಾ ಆದ್ರೂ.

ಪಟ್ಟಿ ಬಗ್ಗೆನೂ ಹೇಳಬೇಕು. ಮುಧೋಳದ ತಲಿ ಸಣ್ಣದು, ಕುತ್ತಿಗಿ ತಲಿಯಷ್ಟ ದಪ್ಪ. ಸಾದಾ ಬಕಲ್ ಪಟ್ಟಿ ಹಿಂದ ಸರದ್ರ ಸರಕ್ಕನ ಕಳಚತೈತಿ. ಒಂದೂವರಿ ಇಂಚು ಅಗಲದ ಮಾರ್ಟಿಂಗೇಲ್ ಪಟ್ಟಿ ಹಾಕ್ರಿ, ಜಗ್ಗಿದ್ರ ತಲಿ ದಾಟದಷ್ಟು ಬಿಗಿ ಆಗಿ ನಿಲ್ಲತೈತಿ, ಉಸಿರು ಕಟ್ಟೂದಿಲ್ಲ. ಜೋಡಿಗೆ ಎದಿ ಮುಂದ ವೈ ಆಕಾರದ ಹಾರ್ನೆಸ್, ಆರು ಅಡಿ ಹಗ್ಗದ ಎರಡು ಕೊಂಡಿ ಎರಡಕ್ಕೂ ಒಂದೊಂದು. ಕಬ್ಬಿಣದ ಚೋಕ್ ಚೈನ್ ತಗದು ಒಗೀರಿ. ಬೆಕ್ಕು ಕಂಡಾಗೆಲ್ಲಾ ಕುತ್ತಿಗಿ ನೋವಾದ್ರ ಬೆಕ್ಕಿನ ಮ್ಯಾಲೆ ಸಿಟ್ಟು ಹೆಚ್ಚಾಕ್ಕೈತಿ. ಬಾಯಿಬುಟ್ಟಿನೂ ಲ್ಯಾಬ್ರಡಾರ್ ಅಳತಿದು ಕೂಡೂದಿಲ್ಲ, ಉದ್ದ ಸಣ್ಣ ಮೂತಿದು ಕೇಳ್ರಿ.

ಗದಗ_ಪಶುವೈದ್ಯ

ಸರಿಯಾದ ತಿದ್ದುಪಡಿ. ಮುಧೋಳಕ್ಕೆ ಅರವಳಿಕೆ ಕೊಡುವಾಗಲೂ ವೈದ್ಯರಿಗೆ ತಳಿ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟೋನ್ ತರಹದ ಔಷಧಿಯಿಂದ ಏಳುವುದು ಬಹಳ ತಡ. ಮೂರು ವರ್ಷ ಸುಮ್ಮನಿದ್ದ ನಾಯಿ ಇತ್ತೀಚೆಗೆ ಮುಂಗೋಪಿ ಆಗಿದ್ದರೆ ತರಬೇತಿಗೆ ಮೊದಲು ಕಿವಿ, ಹಲ್ಲು, ಕೀಲು, ಉಣ್ಣೆಜ್ವರ ಪರೀಕ್ಷಿಸಿ. ನೋವಿದ್ದರೆ ಪಾಠ ಹತ್ತುವುದಿಲ್ಲ.

ಇನ್ನು ಸದ್ದು. ಹೋಳಿಯ ಹಲಗಿ ಬಡಿತ, ಹುಬ್ಬಳ್ಳಿಯ ಜಗ್ಗಲಗಿ ವಾದ್ಯ, ಗಣಪತಿ ಮೆರವಣಿಗೆ, ದೀಪಾವಳಿಯ ಪಟಾಕಿ ಇರುವ ವಾರಗಳಲ್ಲಿ ಹೊಸ ಪಾಠ ಬೇಡ. ಬೆಳಿಗ್ಗೆ ಪಟಾಕಿಗೆ ಹೆದರಿದ ನಾಯಿ ಸಂಜೆ ಬೆಕ್ಕಿಗೆ ಎರಡರಷ್ಟು ಹಾಯುತ್ತದೆ. ಮೈಯ ಒತ್ತಡ ಇಳಿಯಲು ಒಂದೆರಡು ದಿನ ಹಿಡಿಯುತ್ತದೆ. ಬಹಳ ಹೆದರುವ ನಾಯಿಗೆ ಹಬ್ಬಕ್ಕೆ ಎರಡು ವಾರ ಮೊದಲೇ ಬಂದು ಔಷಧಿ ಕೇಳಿ. ಮಂಪರು ಬರಿಸುವ ಹಳೆಯ ಔಷಧಿ ಅಸಿಪ್ರೊಮಜಿನ್ ಮಾತ್ರ ಬೇಡ: ಕಾಲು ಓಡದಂತೆ ಮಾಡುತ್ತದೆ, ಹೆದರಿಕೆ ಒಳಗೇ ಇರುತ್ತದೆ.

ಹಂಚಿನಮನಿ_ಮಾಳಮಡ್ಡಿ

ಎಲ್ಲಾರಿಗೂ ನಮಸ್ಕಾರ್ರಿ. ಎರಡು ಕೇಳಬೇಕು. ವಾಕಿಂಗಿನಾಗ ಬೀದಿನಾಯಿ ಗುಂಪು ಎದುರು ಬಂದ್ರ? ಮತ್ತ ಕಾನೂನು ಏನು ಹೇಳತದ? ಚೀಲದ ಪಾರ್ಟಿಯವ್ರು 'ಕಾನೂನು ನಾಯಿಗೆ ಅಷ್ಟ, ಬೆಕ್ಕಿಗಿಲ್ಲ' ಅಂತಾರ.

ಉಣಕಲ್_ಶ್ವಾನಪಾಠ

ಗುಂಪು ಕಂಡರೆ ಓಡಬೇಡಿ, ನಾಯಿಯನ್ನು ಎತ್ತಿಕೊಳ್ಳಬೇಡಿ. ಕಿಸೆಯಲ್ಲಿ ಒಂದು ಮುಷ್ಟಿ ಒಣ ಕಾಳು ಇರಲಿ. ಗುಂಪಿನ ಹಿಂದಕ್ಕೆ ಬೀಳುವಂತೆ ಚೆಲ್ಲಿ, ನಿಮ್ಮ ನಾಯಿಯನ್ನು ದೇಹದ ಹಿಂದೆ ಮಾಡಿ ಓರೆಯಾಗಿ ನಡೆದು ದೂರ ಸರಿಯಿರಿ. ಮಳೆಗಾಲದಲ್ಲಿ ಕೈಯಲ್ಲಿರುವ ಕೊಡೆಯನ್ನು ಫಟ್ಟನೆ ಬಿಚ್ಚಿದರೆ ನಡುವೆ ಗೋಡೆ ಆಗುತ್ತದೆ, ಆದರೆ ಮನೆಯಲ್ಲಿ ನಿಮ್ಮ ನಾಯಿಗೆ ಕೊಡೆ ರೂಢಿ ಮಾಡಿಸಿರಬೇಕು. ಬೆಳಗಿನ ಆರರೊಳಗೆ ಹೊರಡಿ. 'ತಿರುಗು' ಎಂದರೆ ಹಿಂತಿರುಗಿ ನಡೆಯುವುದನ್ನು ಅಂಗಳದಲ್ಲಿ ದಿನಕ್ಕೆ ಇಪ್ಪತ್ತು ಸಲ ಕಲಿಸಿ. ಬೀದಿಯಲ್ಲಿ ಬಹಳ ಸಲ ಉಳಿಸುವುದು ಅದೊಂದೇ.

ವಾರ್ಡ್_ಕಾಗದಪತ್ರ

ಕಾನೂನು ಇಬ್ಬರಿಗೂ ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಅದರಲ್ಲಿ ಬೆಕ್ಕು ನಾಯಿ ಎಂಬ ಭೇದವಿಲ್ಲ. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗ ಊನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ, ಐದು ವರ್ಷದವರೆಗೆ ಸಜೆ. ಅದೇ ಸಂಹಿತೆಯ 291 ನಾಯಿಯ ಮಾಲೀಕರಿಗೆ: ಸಾಕಿದ ಪ್ರಾಣಿ ಜನರಿಗೆ ಅಪಾಯ ಮಾಡದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ.

2001ರ ನಿಯಮದ ಹೆಸರಿನಲ್ಲೇ 'ನಾಯಿಗಳು' ಎಂದಿತ್ತು; ಅದರ ಜಾಗಕ್ಕೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ ಆ ಮಾತಿಲ್ಲ. ಊಟ ಹಾಕುವ ಜಾಗವನ್ನು ಮಕ್ಕಳ ಆಟದ ಜಾಗ, ಮೆಟ್ಟಿಲು, ಹೋಗಿಬರುವ ಬಾಗಿಲಿನಿಂದ ದೂರ ಗೊತ್ತು ಮಾಡಬೇಕು ಎಂದು ನಿಯಮವೇ ಹೇಳುತ್ತದೆ. ಬೀದಿನಾಯಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2025ರ ಆಗಸ್ಟ್ 22ರ ಆದೇಶ: ಸಂತಾನಹರಣ, ಲಸಿಕೆ, ಜಂತುನಾಶಕ ಆದಮೇಲೆ ಹಿಡಿದಲ್ಲೇ ಬಿಡಬೇಕು, ರೇಬೀಸ್ ಇರುವ ಅಥವಾ ಶಂಕೆಯಿರುವ ನಾಯಿ ಮತ್ತು ಆಕ್ರಮಣಕಾರಿ ನಾಯಿ ಹೊರತು, ಊಟ ಗೊತ್ತುಮಾಡಿದ ಜಾಗದಲ್ಲಿ ಮಾತ್ರ. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಕ್ಕೆ ಬೇರೆ: ಅಲ್ಲಿ ಹಿಡಿದ ನಾಯಿಯನ್ನು ಮರಳಿ ಅಲ್ಲಿ ಬಿಡುವಂತಿಲ್ಲ.

ಪಾಲಿಕೆಗೆ ಅರ್ಜಿ ಬರೆಯುವಾಗ 'ನಾಯಿ ಕಾಟ' ಎಂದು ಬರೆಯಬೇಡಿ. ವಾರ್ಡ್ ಸಂಖ್ಯೆ, ರಸ್ತೆ, ಕಿವಿ ಗುರುತಿಲ್ಲದ ನಾಯಿ ಎಷ್ಟು, ಗಂಡು ಹೆಣ್ಣು ಎಷ್ಟು, ಯಾವ ಹೊತ್ತಿಗೆ ಎಲ್ಲಿ ಸಿಗುತ್ತವೆ, ಇಷ್ಟು ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ.

ಗದಗ_ಪಶುವೈದ್ಯ

ಹಿಡಿಯುವಾಗ ಕಚ್ಚಿದರೆ, ಪರಚಿದರೂ ಸರಿ: ಹರಿಯುವ ನೀರು, ಸೋಪು, ಗಡಿಯಾರ ನೋಡಿ 15 ನಿಮಿಷ. ಸುಣ್ಣ, ಅರಿಸಿನ, ಖಾರ ಬೇಡ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ರಕ್ತ ಬಂದ ಗಾಯಕ್ಕೆ ಅದರ ಜೊತೆ ಗಾಯದೊಳಗೇ ಇಮ್ಯುನೊಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದು ಬೇಕು, ಕೇಳಿ ಹಾಕಿಸಿಕೊಳ್ಳಿ. 'ಬೆಕ್ಕು ತಾನೇ' ಎಂದು ಬಿಡಬೇಡಿ, ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದ ಪ್ರಾಣಿಯ ಮೇಲೆ ಹತ್ತು ದಿನ ಕಣ್ಣಿಡಿ, ಆದರೆ ಲಸಿಕೆಯನ್ನು ಅದಕ್ಕಾಗಿ ತಡ ಮಾಡಬೇಡಿ.

ಹಂಚಿನಮನಿ_ಮಾಳಮಡ್ಡಿ

ಜೋತುಬಿದ್ದ ಹೊಟ್ಟಿದು ಈದದ್ದು ಅಂತ ಖಾತ್ರಿ ಆತು. ನಡುಮನಿ ಅಟ್ಟದಾಗ ಮೂರು ಮರಿ, ಕಣ್ಣು ತೆರದಾವು, ಕಿವಿ ಇನ್ನ ಮಡಚಿಕೊಂಡಾವು. ಹಂಚು ಸರದ ಕಿಂಡಿಯಿಂದ ತಾಯಿ ಹೋಗಿಬರತದ. ಮಳಿ ಬರೂದರಾಗ ಕಿಂಡಿ ಮುಚ್ಚಬೇಕು ಅಂತ ಮನಿಯವ್ರು ಅವಸರ ಮಾಡಾಕತ್ತಾರ.

ಕೇಶ್ವಾಪುರ_ಬೋನು

ಕಣ್ಣು ತೆರದು ಕಿವಿ ಪೂರಾ ನಿಂತಿಲ್ಲ ಅಂದ್ರ ಎರಡು ವಾರದ ಆಸುಪಾಸು. ಮುಟ್ಟಬ್ಯಾಡ್ರಿ, ದಿನಾ ಇಣಕಿ ನೋಡಿದ್ರ ತಾಯಿ ಜಾಗ ಬದಲಸತದ. ಕಿಂಡಿ ಮ್ಯಾಲೆ ತಾತ್ಪೂರ್ತಿ ತಾಡಪತ್ರಿ ಇಳಿಬಿಡ್ರಿ, ಬೆಕ್ಕು ನುಸುಳುವಷ್ಟು ಸಂದಿ ಇರಲಿ. ಇನ್ನ ಮೂರು ನಾಕು ವಾರಕ್ಕ ಮರಿ ತಾವ ತಿನ್ನಾಕ ಸುರು ಮಾಡತಾವು. ಆಗ ಮೊದಲು ಮರಿ ಹಿಡಿದು ಪಂಜರದಾಗ ಇಟ್ಟು, ಆ ಪಂಜರವನ್ನ ಬೋನಿನ ಹಿಂದಿನ ಬಾಗಿಲಿಗೆ ಹಚ್ಚಿ ಚಾದರ ಮುಚ್ರಿ. ಮರಿ ಕೂಗಿಗೆ ತಾಯಿ ಬೋನಿನೊಳಗ ಬರತದ. ಆ ವಯಸ್ಸಿನ ಮರಿ ಮನಷ್ಯಾರಿಗೆ ಹೊಂದಿಕೊಳ್ಳತಾವು, ಸಾಕೂ ಮನಿ ಈಗಿಂದ ಹುಡಕ್ರಿ. ಎಂಟು ವಾರ ದಾಟಿದ್ರ ಒಗ್ಗಿಸೂದು ಕಷ್ಟ.

ಆಮ್ಯಾಲೆ ಕಿಂಡಿ. ಹಂಚು ಸರಿಸಿ ಮುಚ್ಚೂ ಮುಂಚೆ ಎರಡು ರಾತ್ರಿ ಕಿಂಡಿ ಬಾಯಿಗೆ ಒಂದು ಹಿಡಿ ಜ್ವಾಳದ ಹಿಟ್ಟು ತೆಳ್ಳಗ ಚೆಲ್ರಿ. ಮುಂಜಾನೆ ಹೆಜ್ಜಿ ಮೂಡಿದ್ರ ಒಳಗ ಇನ್ನೂ ಯಾವುದೋ ಅದ. ಎರಡೂ ಮುಂಜಾನೆ ಹಿಟ್ಟು ಹಾಕಿದಂಗ ಇದ್ರ ಹಂಚು ಕೂಡಸ್ರಿ.